ಮೊಲ ಊಟ ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ

ಮನೆಯಲ್ಲಿ ಮೊಲ ಸಾಕಿರುವವರು, ಸಾಕಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಗುಂಡ ಬದುಕಿದ್ದಾನೆ. ಈಗ ನನ್ನ ಪಕ್ಕದಲ್ಲೇ ಒಣಹುಲ್ಲು ಎಳೆದುಕೊಂಡು ಕೂತಿದ್ದಾನೆ. ಆದರೆ ಅವನು ಉಳಿದದ್ದು ನನ್ನ ಜಾಣತನದಿಂದ ಅಲ್ಲ. ನಾನು ಮಾಡಿದ ತಪ್ಪುಗಳನ್ನೆಲ್ಲ ತಡೆದುಕೊಂಡು ಹೇಗೋ ಉಳಿದ.

ಶುರುವಾಗಿದ್ದು ಒಂದು ಶನಿವಾರ ರಾತ್ರಿ. ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚುವ ಸದ್ದಿಗೇ ಓಡಿ ಬರುವವನು ಅವತ್ತು ಬರಲಿಲ್ಲ. ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಅರೆಗಣ್ಣು ಮುಚ್ಚಿ ಕೂತಿದ್ದ. ಸೊಪ್ಪನ್ನು ಮೂಗಿನ ಹತ್ತಿರ ಹಿಡಿದೆ. ಮೂಸಿ ಮುಖ ತಿರುಗಿಸಿದ. ಮಧ್ಯಾಹ್ನ ಅವನ ಉಗುರು ಕತ್ತರಿಸಿದ್ದೆ, ಅದಕ್ಕೇ ಮುನಿಸಿಕೊಂಡಿದ್ದಾನೆ ಅಂದುಕೊಂಡೆ. ಹಲ್ಲು ಕಟಕಟ ಅನ್ನಿಸುತ್ತಿದ್ದ. ತಲೆ ಸವರಿದಾಗ ಮೊಲಗಳು ಹಲ್ಲು ಉಜ್ಜುತ್ತವೆ, ಅದು ಖುಷಿಗೆ. ಇದೂ ಅದೇ ಅಂತ ತಿಳಿದೆ. ಖುಷಿಯ ಸದ್ದು ತೀರಾ ಸಣ್ಣದು, ಕೈಗೆ ತಾಗುತ್ತದೆಯೇ ಹೊರತು ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಎರಡು ಅಡಿ ದೂರದಿಂದ ಕೇಳಿಸುವ ಜೋರು ಸದ್ದು ನೋವಿನದು. ಇದು ಆಮೇಲೆ ಗೊತ್ತಾಯಿತು. ಅವತ್ತು ನಾನು ದೀಪ ಆರಿಸಿ ಮಲಗಿದೆ.

ಬೆಳಿಗ್ಗೆ ಟ್ರೇ ನೋಡಿದರೆ ಹತ್ತೋ ಹನ್ನೆರಡೋ ಹಿಕ್ಕೆ. ಅದೂ ಮೆಣಸಿನ ಕಾಳಿಗಿಂತ ಸಣ್ಣದು, ಗಟ್ಟಿ, ಕಪ್ಪು. ಎರಡು ಮೂರು ಹಿಕ್ಕೆಗಳು ಕೂದಲಿನಲ್ಲಿ ಪೋಣಿಸಿದ ಹಾಗೆ ಸರವಾಗಿದ್ದವು. ಚೆನ್ನಾಗಿರುವ ಮೊಲ ದಿನಕ್ಕೆ 200-300 ಹಿಕ್ಕೆ ಹಾಕುತ್ತದೆ. ಕಡಲೆಕಾಳಿನಷ್ಟು ದಪ್ಪ, ಒತ್ತಿದರೆ ಹುಡಿಯಾಗಿ ಒಳಗೆ ಹುಲ್ಲಿನ ನಾರು ಕಾಣಬೇಕು. ದಿನಾ ಆ ಟ್ರೇ ಗುಡಿಸುವುದು ನಾನೇ. ಆದರೂ ಅದನ್ನು ಯಾವತ್ತೂ ನೋಡಿರಲಿಲ್ಲ, ಸುಮ್ನೆ ಗುಡಿಸಿ ಎಸೆಯುತ್ತಿದ್ದೆ.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ನಾಯಿ ಒಂದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಮೊಲ ಹಾಗಲ್ಲ. ಅದರ ಕರುಳು ಯಾವಾಗಲೂ ಓಡುತ್ತಿರಬೇಕು. ಹೊಟ್ಟೆಯಲ್ಲಿ ದೊಡ್ಡದೊಂದು ಚೀಲವಿದೆ, ಅದರ ತುಂಬ ನಾರನ್ನು ಕೊಳೆಸಿ ಜೀರ್ಣ ಮಾಡುವ ಬ್ಯಾಕ್ಟೀರಿಯಾ. ನೋವಿಗೋ ಹೆದರಿಕೆಗೋ ಮೊಲ ತಿನ್ನುವುದು ನಿಲ್ಲಿಸಿದರೆ ಕರುಳು ನಿಧಾನವಾಗುತ್ತದೆ. ಒಳಗಿರುವುದು ಒಣಗುತ್ತದೆ, ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ಇನ್ನಷ್ಟು ನೋವು, ನೋವಿನಿಂದ ಇನ್ನಷ್ಟು ಉಪವಾಸ. ವಾಂತಿ ಮಾಡಿ ಹೊರಗೆ ಹಾಕೋಣ ಅಂದರೆ ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಡಾಕ್ಟರುಗಳು ಇದಕ್ಕೆ ಜಿ.ಐ. ಸ್ಟೇಸಿಸ್ ಅನ್ನುತ್ತಾರೆ. ಮೊಲ ಹತ್ತು ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಹಾಕಿಲ್ಲ ಅಂದರೆ ಅದು ತುರ್ತು ಪರಿಸ್ಥಿತಿ. ಜೊತೆಗೆ ಇದು ಬೇರೆ ಪ್ರಾಣಿಗೆ ಬೇಟೆಯಾಗುವ ಜೀವ. ಕಾಯಿಲೆ ತೋರಿಸಿಕೊಂಡರೆ ಕಾಡಿನಲ್ಲಿ ಉಳಿಯುವುದಿಲ್ಲ, ಅದಕ್ಕೇ ಕೊನೆಯವರೆಗೂ ಮುಚ್ಚಿಡುತ್ತದೆ. ನಮಗೆ ಗೊತ್ತಾಗುವಷ್ಟರಲ್ಲಿ ಅರ್ಧ ದಾರಿ ಹೋಗಿರುತ್ತದೆ.

ನನಗೆ ಗೊತ್ತಾದಾಗ ಭಾನುವಾರ ಹನ್ನೊಂದು ಗಂಟೆ. ಹತ್ತಿರದಲ್ಲಿ ತೆರೆದಿದ್ದ ಕ್ಲಿನಿಕ್‌ಗೆ ಹೋದೆ. ನಾಯಿ, ಬೆಕ್ಕು ನೋಡುವ ಡಾಕ್ಟರ್. ಒಳ್ಳೆಯವರೇ, ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಹೊಟ್ಟೆ ಒತ್ತಿ ನೋಡಿ, "ಇನ್‌ಫೆಕ್ಷನ್ ಇರಬೇಕು, ಹೊಟ್ಟೆಗೆ ಸ್ವಲ್ಪ ರೆಸ್ಟ್ ಕೊಡಿ, ನಾಳೆವರೆಗೆ ಏನೂ ತಿನ್ನಿಸಬೇಡಿ" ಅಂದರು. ಒಂದು ಸಿರಪ್ ಕೊಟ್ಟರು. ಗುಲಾಬಿ ಬಣ್ಣ, ಸಿಹಿ ವಾಸನೆ. ಅಮಾಕ್ಸಿಸಿಲಿನ್. ಮಕ್ಕಳಿಗೆ ಜ್ವರ ಬಂದಾಗ ಕೊಡುವಂಥದ್ದೇ ಅಲ್ವಾ, ಇದರಿಂದ ಏನಾಗುತ್ತದೆ ಅಂದುಕೊಂಡೆ. ಭಾನುವಾರ ಎರಡು ಸಲ, ಸೋಮವಾರ ಬೆಳಿಗ್ಗೆ ಒಂದು ಸಲ ಹಾಕಿದೆ. "ಡಾಕ್ಟ್ರೇ, ನೀವು ಮೊಲ ನೋಡಿದ್ದೀರಾ?" ಅಂತ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಸೋಮವಾರ ಮಧ್ಯಾಹ್ನ ಗುಂಡನ ಹಿಂಭಾಗ ಒದ್ದೆಯಾಗಿತ್ತು. ಹಿಕ್ಕೆ ಇಲ್ಲ, ಬರೀ ನೀರು, ಲೋಳೆ, ಕೆಟ್ಟ ವಾಸನೆ. ಎತ್ತಿಕೊಂಡರೆ ಒದೆಯಲಿಲ್ಲ. ಕಿವಿ ಮುಟ್ಟಿದೆ. ಮೊಲದ ಕಿವಿ ಸಾಮಾನ್ಯವಾಗಿ ಬೆಚ್ಚಗಿರುತ್ತದೆ. ಅವನದು ಸ್ಟೀಲ್ ಲೋಟದ ಹಾಗೆ ತಣ್ಣಗಿತ್ತು. ಆಗ ಅಕ್ಕ ಹತ್ತಾರು ಕಡೆ ಫೋನ್ ಮಾಡಿ, ಮೊಲ, ಗಿಳಿ, ಆಮೆ ಇಂಥವನ್ನೇ ನೋಡುವ ಡಾಕ್ಟರ್ ಒಬ್ಬರನ್ನು ಹುಡುಕಿದಳು. ಶನಿವಾರ ಬೆಳಿಗ್ಗೆಯೇ, ಏನೂ ಆಗದೆ ಇದ್ದಾಗಲೇ, ಆ ನಂಬರ್ ನಮ್ಮ ಹತ್ತಿರ ಇರಬೇಕಿತ್ತು.

ಆ ಮೇಡಂ ಸಿರಪ್ ಬಾಟಲಿ ನೋಡಿ ಒಂದು ಕ್ಷಣ ಸುಮ್ಮನಾದರು.

"ಎಷ್ಟು ಸಲ ಹಾಕಿದ್ರಿ?"

"ಮೂರು ಸಲ, ಮೇಡಂ."

"ಇನ್ನು ಒಂದು ತೊಟ್ಟೂ ಬೇಡ."

ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್, ಲಿಂಕೊಮೈಸಿನ್ ಇಂಥ ಆಂಟಿಬಯೋಟಿಕ್‌ಗಳು ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಖಾಲಿ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಬಿಡುತ್ತವೆ. ಮೊಲ ಅದರಿಂದಲೇ ಸಾಯಬಹುದು. ತಮಾಷೆ ನೋಡಿ, ಅಮಾಕ್ಸಿಸಿಲಿನ್ ಗುಂಪಿನದೇ ಆದ ಪೆನ್ಸಿಲಿನ್ನನ್ನು ಇಂಜೆಕ್ಷನ್ ಆಗಿ ಮೊಲಗಳಿಗೆ ಕೊಡುವುದುಂಟು. ಬಾಯಿಗೆ ಮಾತ್ರ ಹಾಕಬಾರದು. ನಾಯಿ ಡಾಕ್ಟರಿಗೆ ಇದು ನೆನಪಿಲ್ಲದೆ ಇರಬಹುದು, ಆದರೆ ನಿಮಗೆ ನೆನಪಿರಲಿ. ಚೀಟಿಯಲ್ಲಿ ಈ ಹೆಸರು ಕಂಡರೆ ಮೊದಲ ಡೋಸ್ ಹಾಕುವ ಮೊದಲೇ ಕೇಳಿ. ಹೇಳುತ್ತಿರುವಾಗಲೇ ಇನ್ನೊಂದು: ನಾಯಿಯ ಉಣ್ಣಿ, ಚಿಗಟಕ್ಕೆ ಬೆನ್ನ ಮೇಲೆ ಬಿಡುವ ಫಿಪ್ರೊನಿಲ್ ಔಷಧವನ್ನೂ ಮೊಲಕ್ಕೆ ಹಾಕಬೇಡಿ. ಅದೂ ಪ್ರಾಣ ತೆಗೆಯಬಹುದು.

ಗುಂಡನ ಮೈ ಬಿಸಿ 36.4 ಡಿಗ್ರಿ ಸೆಲ್ಸಿಯಸ್ ಇತ್ತು. ಮೊಲಕ್ಕೆ 38.5ರಿಂದ 40ರ ನಡುವೆ ಇರಬೇಕು. ನಾವು ಜ್ವರ ಅಂದರೆ ಹೆದರುತ್ತೇವೆ, ಮೊಲದ ವಿಷಯದಲ್ಲಿ ಮೈ ತಣ್ಣಗಾಗುವುದು ಅದಕ್ಕಿಂತ ಕೆಟ್ಟದ್ದು. ಮೊದಲು ಮೈ ಬೆಚ್ಚಗೆ ಮಾಡಿದರು. ಡ್ರಿಪ್ ಹಾಕಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಎಕ್ಸ್‌-ರೇ ತೆಗೆದು ಕರುಳಿನಲ್ಲಿ ಏನೂ ಸಿಕ್ಕಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಬಾಯಿಗೆ ಆಹಾರ, ಕರುಳು ಓಡಿಸುವ ಔಷಧಿ. ಈ ಕ್ರಮ ಮುಖ್ಯ. ಹೊಟ್ಟೆ ತಮಟೆಯ ಹಾಗೆ ಬಿಗಿಯಾಗಿ ಊದಿಕೊಂಡಿದ್ದರೆ ಮನೆಯಲ್ಲಿ ಏನನ್ನೂ ಬಾಯಿಗೆ ತುರುಕಬೇಡಿ. ಎಲ್ಲೋ ಅಡ್ಡ ಸಿಕ್ಕಿರಬಹುದು, ತಿನ್ನಿಸಿದರೆ ಹೊಟ್ಟೆ ಒಡೆಯಬಹುದು.

ಎರಡು ರಾತ್ರಿ ಅಲ್ಲೇ ಇಟ್ಟುಕೊಂಡರು. ಬುಧವಾರ ಮನೆಗೆ ಕಳಿಸಿದರು, ನನ್ನ ಪರೀಕ್ಷೆ ಶುರುವಾಯಿತು.

ನಾಲ್ಕು ಗಂಟೆಗೊಮ್ಮೆ ತಿನ್ನಿಸಬೇಕು, ರಾತ್ರಿಯೂ ಸೇರಿ. ಹುಲ್ಲು ತಿನ್ನುವ ಪ್ರಾಣಿಗಳಿಗೆಂದೇ ಬರುವ ನಾರಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿದರೆ ಹಸಿರು ಗಂಜಿಯ ಹಾಗಾಗುತ್ತದೆ. ಗುಂಡ 1.6 ಕೆ.ಜಿ., ಅವನಿಗೆ ಒಂದು ಸಲಕ್ಕೆ 15 ಮಿಲಿ. ನಿಮ್ಮ ಮೊಲಕ್ಕೆ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಕೇಳುವುದಕ್ಕೆ ಸುಲಭ. ಮೊದಲ ಸಲ 15 ಮಿಲಿಯಲ್ಲಿ ಹತ್ತು ನನ್ನ ಅಂಗಿಯ ಮೇಲಿತ್ತು.

ಮೇಡಂ ತೋರಿಸಿಕೊಟ್ಟ ರೀತಿ ಹೀಗೆ. ದಪ್ಪ ಟವೆಲಿನಲ್ಲಿ ಕುತ್ತಿಗೆಯವರೆಗೆ ಸುತ್ತಬೇಕು, ಹಿಂಗಾಲು ಗಟ್ಟಿಯಾಗಿ ಊರಿರಬೇಕು. ಗಾಳಿಯಲ್ಲಿ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳುವಷ್ಟು ಬಲ ಆ ಕಾಲುಗಳಲ್ಲಿದೆ. ಮುಂದಿನ ಹಲ್ಲುಗಳ ಹಿಂದೆ, ದವಡೆ ಹಲ್ಲಿಗೆ ಮೊದಲು ಒಂದು ಖಾಲಿ ಜಾಗವಿದೆ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿ ಇಡಬೇಕು. ನೇರ ಮುಂದಿನಿಂದ ಹಾಕಬಾರದು, ತಲೆ ಹಿಂದಕ್ಕೆ ವಾಲಿಸಬಾರದು. ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ಅರ್ಧ ಮಿಲಿ ಬಿಟ್ಟು ಕಾಯಬೇಕು. ಅವನು ಅಗಿಯುತ್ತಾನೆ, ನುಂಗುತ್ತಾನೆ, ಆಮೇಲೆ ಇನ್ನರ್ಧ. ಅವಸರ ಮಾಡಿದ ದಿನವೇ ಅವನು ಕೆಮ್ಮಿದ್ದು, ನನ್ನ ಎದೆ ಧಸಕ್ ಅಂದಿದ್ದು.

ನೋವಿನ ಔಷಧಿ ಮೆಲಾಕ್ಸಿಕ್ಯಾಮ್ ಕೊಟ್ಟಿದ್ದರು. ಅದನ್ನು ಹಾಕಿ ಮುಕ್ಕಾಲು ಗಂಟೆಯಾದರೆ ಕಣ್ಣು ಅರಳುತ್ತಿತ್ತು. ನೋವು ಇಳಿಯದೆ ಮೊಲ ತಿನ್ನುವುದಿಲ್ಲ, ನಾವು ಎಷ್ಟು ಮುದ್ದು ಮಾಡಿದರೂ ಅಷ್ಟೇ. ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯ ಮೇಲೆ ಅವನನ್ನು ಕೂರಿಸಿ ತೂಕ ಬರೆದಿಡುತ್ತಿದ್ದೆ. ಗುರುವಾರ 1.52 ಇತ್ತು. ನೋಡಿ ಹೊಟ್ಟೆ ತೊಳಸಿದ ಹಾಗಾಯಿತು.

ಶುಕ್ರವಾರ ಬೆಳಗಿನ ಜಾವ ಮೂರೂವರೆ. ಟವೆಲ್ ಹಿಡಿದುಕೊಂಡು ಹೋದೆ. ಟ್ರೇಯ ಮೂಲೆಯಲ್ಲಿ ಏನೋ ಕಂಡ ಹಾಗಾಯಿತು, ಫೋನಿನ ಬೆಳಕು ಹಾಕಿದೆ. ನಾಲ್ಕು ಹಿಕ್ಕೆ. ವಕ್ರ, ಒಂದರ ತುದಿ ಚೂಪು, ಆದರೆ ಗುಂಡಗಿವೆ, ಒಣಗಿವೆ. ಒಂದನ್ನು ಬೆರಳಲ್ಲಿ ಒತ್ತಿದೆ. ಹಸಿರು ನಾರು ಕಂಡಿತು. ಆ ಹೊತ್ತಿನಲ್ಲಿ ಅಕ್ಕನನ್ನು ಎಬ್ಬಿಸಿ ಮೊಲದ ಹಿಕ್ಕೆ ತೋರಿಸಿದ್ದಕ್ಕೆ ಅವಳು ಬೈಯಲಿಲ್ಲ, ಎಣಿಸಿದಳು.

ಅಷ್ಟಾದರೂ ಅವನು ಸೊಪ್ಪು ತಿನ್ನುತ್ತಿದ್ದ, ಒಣಹುಲ್ಲು ಮುಟ್ಟುತ್ತಿರಲಿಲ್ಲ. ಅಲ್ಲಿತ್ತು ಮೂಲ ಕಾರಣ. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಹುಲ್ಲನ್ನು ಅಕ್ಕಪಕ್ಕ ಅರೆದು ಅರೆದು ತಿಂದರೆ ಸವೆಯುತ್ತದೆ. ನಾನು ಅವನಿಗೆ ಬಟ್ಟಲು ತುಂಬ ಪೆಲೆಟ್, ಅಂದರೆ ಗುಳಿಗೆಯಂಥ ಸಿದ್ಧ ಆಹಾರ, ಹಾಕುತ್ತಿದ್ದೆ, ಹುಲ್ಲು ಹೆಸರಿಗೆ ಒಂದು ಹಿಡಿ. ಇರಬೇಕಾದ್ದು ಉಲ್ಟಾ. ಊಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ದವಡೆ ಹಲ್ಲು ಸವೆಯದೆ ಮೊನೆ ಬೆಳೆದು ನಾಲಿಗೆಯನ್ನು ಗೀರುತ್ತಿತ್ತು. ಬಾಯಿ ತೆರೆಸಿ ಇಣುಕಿದರೆ ನಮಗೆ ಮುಂದಿನ ಹಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ, ಡಾಕ್ಟರಿಗೆ ಉಪಕರಣ ಬೇಕು. ಆದರೆ ಹೊರಗೆ ಗುರುತು ಇತ್ತು. ಎರಡು ಮೂರು ವಾರದಿಂದ ಗದ್ದದ ಕೆಳಗೆ ಕೂದಲು ಒದ್ದೆ ಇರುತ್ತಿತ್ತು. ನೀರು ಕುಡಿದಿದ್ದಾನೆ ಅಂದುಕೊಂಡಿದ್ದೆ. ಜೊಲ್ಲು ಅದು.

ಚೇತರಿಸಿಕೊಂಡ ಮೇಲೆ ಅರಿವಳಿಕೆ ಕೊಟ್ಟು ಆ ಮೊನೆಗಳನ್ನು ಉಜ್ಜಿ ತೆಗೆದರು. ಅವತ್ತು ಬೆಳಿಗ್ಗೆ ಫೋನ್ ಮಾಡಿ, "ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರಬೇಕಾ, ಮೇಡಂ?" ಅಂತ ಕೇಳಿದೆ. "ಬೇಡಪ್ಪಾ, ಬರುವವರೆಗೂ ತಿನ್ನಲಿ, ಇಲ್ಲಿಗೂ ಅವನ ಊಟ ತನ್ನಿ" ಅಂದರು. ವಾಂತಿಯೇ ಮಾಡದ ಪ್ರಾಣಿಗೆ ಆಪರೇಷನ್‌ಗೆ ಮುಂಚೆ ರಾತ್ರಿಯಿಡೀ ಉಪವಾಸ ಹಾಕುವುದರಲ್ಲಿ ಅರ್ಥವಿಲ್ಲ. ಯಾರಾದರೂ ಹಾಗೆ ಹೇಳಿದರೆ ಅವರಿಗೆ ಮೊಲದ ಅಭ್ಯಾಸ ಇಲ್ಲ ಅಂತಲೇ ಲೆಕ್ಕ. ನಾನಂತೂ ಈಗ ಹೊಸ ಡಾಕ್ಟರ್ ಹತ್ತಿರ ಹೋದರೆ ಇದೊಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಕೇಳಿ ಕೂರುವುದೋ ಏಳುವುದೋ ನೋಡುತ್ತೇನೆ.

ಮೊದಲ ಡಾಕ್ಟರ್ ಹತ್ತಿರವೂ ಹೋಗಿದ್ದೆ. ಜಗಳಕ್ಕೆ ಅಲ್ಲ, ಆದದ್ದನ್ನು ಹೇಳಿದೆ. ಪೂರ್ತಿ ಕೇಳಿದರು. ಇನ್ನು ಮುಂದೆ ಮೊಲ ಬಂದರೆ ಬೇರೆ ಕಡೆ ಕಳಿಸುತ್ತೇನೆ ಅಂದರು.

ಗುಂಡ ಈಗ 1.7 ಕೆ.ಜಿ. ಆಗಿದ್ದಾನೆ. ಹಲ್ಲಿನ ತೊಂದರೆ ಒಮ್ಮೆ ಬಂದರೆ ಮತ್ತೆ ಬರುತ್ತದಂತೆ, ಆಗಾಗ ತೋರಿಸಬೇಕು. ಆ ಹಸಿರು ಟವೆಲ್ ಕಂಡರೆ ಈಗಲೂ ಹಿಂಗಾಲು ಧಪ್ ಅಂತ ಬಡಿದು ಮಂಚದ ಕೆಳಗೆ ನುಗ್ಗುತ್ತಾನೆ. ಅದನ್ನು ಒಗೆದು, ಅವನ ಕಣ್ಣಿಗೆ ಬೀಳದ ಹಾಗೆ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲೇ ಎರಡು ಸಿರಿಂಜ್, ಆ ಪುಡಿಯ ಒಂದು ಪೊಟ್ಟಣ, ಮೇಡಂ ನಂಬರ್ ಬರೆದ ಚೀಟಿ.