ಸಂಗ್ರಹಿಸಿದ ಆಕರಕೋಶಗಳ ಎಂಆರ್‌ಡಿ ಪರೀಕ್ಷೆ: ಒಂದು ಪ್ರಯೋಗಾಲಯದ ಸೇವೆ ಕುರಿತು

ನನ್ನ ತಮ್ಮನಿಗೆ ಒಮ್ಮೆ ವಾಸಿಯಾಗಿದ್ದ ಎಪಿಎಲ್ ಎಂಬ ರಕ್ತದ ಕ್ಯಾನ್ಸರ್ ಮರುಕಳಿಸಿ, ಆರ್ಸೆನಿಕ್ ಚಿಕಿತ್ಸೆಯಿಂದ ಮತ್ತೆ ಹತೋಟಿಗೆ ಬಂದ ಮೇಲೆ, ಅವನದೇ ಆಕರಕೋಶಗಳನ್ನು (ಸ್ಟೆಮ್ ಸೆಲ್) ತೆಗೆದಿಟ್ಟು ಕಸಿ ಮಾಡೋಣವೆಂದು ವೈದ್ಯರು ಹೇಳಿದರು. ಮಜ್ಜೆಯಲ್ಲಿ ಮಾತ್ರವಲ್ಲ, ಸಂಗ್ರಹಿಸಿದ ಕೋಶಗಳಲ್ಲಿಯೂ ಈ ರೋಗದ ಗುರುತಾದ ಪಿಎಂಎಲ್-ರಾರಾ ಎಂಬ ಜೀನ್ ಸಿಗಬಾರದು ಎಂಬುದು ಅವರ ಷರತ್ತಾಗಿತ್ತು. ಚಿಕಿತ್ಸೆಯ ನಂತರವೂ ಅಳಿದುಳಿದಿರಬಹುದಾದ ರೋಗಕೋಶಗಳನ್ನು ಹೀಗೆ ಹುಡುಕುವುದೇ ಎಂಆರ್‌ಡಿ ಪರೀಕ್ಷೆ. ವೈದ್ಯರ ಷರತ್ತು ಅತಿಯಾದ ಎಚ್ಚರಿಕೆಯೇನಲ್ಲ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಸಂಶೋಧಕರು ಮಕ್ಕಳಿಗೆ ಮರಳಿಸುವ ಮುನ್ನ ಅವರದೇ ಮಜ್ಜೆಯ ಕೋಶಗಳಿಗೆ ಸೇರಿಸಿದ್ದ ಗುರುತಿನ ಜೀನ್, ರೋಗ ಮರುಕಳಿಸಿದಾಗ ಕ್ಯಾನ್ಸರ್ ಕೋಶಗಳಲ್ಲಿ ಕಾಣಿಸಿಕೊಂಡಿತ್ತು; ಅಂದರೆ ಮರಳಿಸಿದ ಮಜ್ಜೆಯಲ್ಲೇ ರೋಗಕೋಶಗಳಿದ್ದವು.

ಸಂಗ್ರಹದ ದಿನ ತಮ್ಮ, ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸುವ ಯಂತ್ರದ ಪಕ್ಕದಲ್ಲಿ ನಾಲ್ಕು ಗಂಟೆ ಮಲಗಿದ್ದ. ರಕ್ತ ಹೆಪ್ಪುಗಟ್ಟದಿರಲು ಬೆರೆಸುವ ಸಿಟ್ರೇಟ್‌ನಿಂದ ಅವನ ತುಟಿ ಜುಮ್ಮೆಂದಾಗ ನರ್ಸ್ ಕ್ಯಾಲ್ಸಿಯಂ ಕೊಟ್ಟರು. ತುಂಬಿದ ಚೀಲದಿಂದ ತೆಗೆದ ಸಣ್ಣ ಮಾದರಿಯನ್ನು ನೇರಳೆ ಮುಚ್ಚಳದ ನಳಿಕೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ಅಲ್ಲಿನ ಸಿಬ್ಬಂದಿ ತಾವಾಗಿಯೇ ಕರೆ ಮಾಡಿ, ನಳಿಕೆಯಲ್ಲಿ ಹೆಪಾರಿನ್ ಎಂಬ ಹೆಪ್ಪುನಿರೋಧಕ ಇಲ್ಲ ತಾನೇ ಎಂದು ಖಚಿತಪಡಿಸಿಕೊಂಡರು; ಅದಿದ್ದರೆ, ರೋಗದ ಗುರುತನ್ನು ಪತ್ತೆಹಚ್ಚಲು ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಗೇ ಅಡ್ಡಿಯಾಗುತ್ತದೆ. ಈ ಪರೀಕ್ಷೆಗೆ ಬೇಕಾದ, ಜೀನ್‌ನ ನಕಲಾದ ಆರ್‌ಎನ್‌ಎ ಬೇಗನೆ ಕೆಡುವುದರಿಂದ ಮಾದರಿಯನ್ನು ಅದೇ ಸಂಜೆ ಕೈಗೆತ್ತಿಕೊಂಡ ಅವರ ಕಾಳಜಿಯನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ನನ್ನ ಆಕ್ಷೇಪವಿರುವುದು ವರದಿಯ ಬಗ್ಗೆ. ಮೊದಲು ಬಂದ ಹಾಳೆಯಲ್ಲಿ 'ಪತ್ತೆಯಾಗಿಲ್ಲ' ಎಂಬ ಒಂದೇ ಮಾತಿತ್ತು. ಎಷ್ಟು ಕೋಶಗಳ ನಡುವೆ ಹುಡುಕಿ ಪತ್ತೆಯಾಗಿಲ್ಲ ಎಂದು ತಿಳಿಯದೆ ಆ ಮಾತಿನ ತೂಕ ಗೊತ್ತಾಗುವುದಿಲ್ಲ. ಚೀಲದಲ್ಲಿ 2,000 ಕೋಟಿ ಕೋಶಗಳಿವೆ ಎಂದುಕೊಳ್ಳೋಣ. ಪರೀಕ್ಷೆಯು 10,000 ಕೋಶಗಳಲ್ಲಿ ಒಂದನ್ನು ಮಾತ್ರ ಗುರುತಿಸಬಲ್ಲದಾದರೆ, ಸುಮಾರು 20 ಲಕ್ಷದವರೆಗೆ ರೋಗಕೋಶಗಳು ಅದರ ಕಣ್ಣಿಗೆ ಬೀಳದೆ ಉಳಿದಿರಬಹುದು. ಲಕ್ಷಕ್ಕೊಂದನ್ನು ಗುರುತಿಸಬಲ್ಲದಾದರೆ ಆ ಮಿತಿ 2 ಲಕ್ಷಕ್ಕಿಳಿಯುತ್ತದೆ. ಇದನ್ನು ವಿವರಿಸಿ ನಾನು ಪತ್ರ ಬರೆದ ಮರುದಿನವೇ ಪರಿಷ್ಕೃತ ವರದಿ ಬಂದಿತು. ಅದರಲ್ಲಿ ಪರೀಕ್ಷೆಯ ಸೂಕ್ಷ್ಮತೆಯ ಜೊತೆಗೆ, ಮಾದರಿಯ ಗುಣಮಟ್ಟವನ್ನು ತೋರಿಸುವ ಎಬಿಎಲ್ ಜೀನ್‌ನ ಪ್ರತಿಗಳ ಸಂಖ್ಯೆಯೂ ನಮೂದಾಗಿತ್ತು. ಅಲ್ಲಿನ ವೈದ್ಯೆಯೊಬ್ಬರು ಅದನ್ನು ಫೋನಿನಲ್ಲಿ ಕನ್ನಡದಲ್ಲೇ ನಿಧಾನವಾಗಿ ಬಿಡಿಸಿ ಹೇಳಿದಾಗ, ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ ಅಮ್ಮನಿಗೂ ವಿಷಯ ಅರ್ಥವಾಯಿತು.

ಇನ್ನೊಂದು ಕೊರತೆಯೂ ಇದೆ. ಅವರ ಅರ್ಜಿಯಲ್ಲಿ ಮಾದರಿಯ ವಿಧಕ್ಕೆ 'ರಕ್ತ', 'ಮಜ್ಜೆ' ಎಂಬ ಎರಡೇ ಚೌಕಗಳಿವೆ. 'ಸಂಗ್ರಹಿಸಿದ ಆಕರಕೋಶ' ಎಂದು ನಾವು ಅಂಚಿನಲ್ಲಿ ಕೈಯಿಂದ ಬರೆಯಬೇಕಾಯಿತು. ಮಜ್ಜೆಯ ವರದಿಯೂ ಚೀಲದ ವರದಿಯೂ ಒಂದೇ ಕಡತದಲ್ಲಿ ಸೇರುವಾಗ ಇಂಥ ಅಂಚಿನ ಬರಹ ತಪ್ಪಿಹೋದರೆ, ಯಾವುದು ಯಾವುದರ ಫಲಿತಾಂಶವೆಂದು ತಿಳಿಯದಂತಾಗುತ್ತದೆ. ಮುಂದೆ ಅಗತ್ಯಬಿದ್ದರೆ ನಾನು ಇದೇ ಪ್ರಯೋಗಾಲಯಕ್ಕೆ ಹೋಗುತ್ತೇನೆ. ಆದರೆ ಅಷ್ಟರೊಳಗೆ ಆ ಮೂರನೆಯ ಚೌಕವನ್ನು ಸೇರಿಸಬೇಕೆಂದೂ, ಸೂಕ್ಷ್ಮತೆಯ ಅಂಕಿಯನ್ನು ಯಾರೂ ಕೇಳದೆಯೇ ಮೊದಲ ವರದಿಯಲ್ಲಿ ಮುದ್ರಿಸಬೇಕೆಂದೂ ಅವರಿಗೆ ಬರೆದು ತಿಳಿಸಿದ್ದೇನೆ.