ದಿನಕ್ಕೊಂದು ಬರಹವೋ, ಮಾಗಿದಾಗೊಂದು ಬರಹವೋ

ಚಿತ್ರದುರ್ಗದ ಸೀಮೆಯ ಸಂಗತಿಗಳನ್ನು ಆನ್‌ಲೈನ್‌ನಲ್ಲಿ ಬರೆಯಹೊರಟವರು ಮೊದಲು ತೀರ್ಮಾನಿಸಬೇಕಾದುದು ದಿನವೂ ಬರೆಯಬೇಕೇ, ಹೇಳಲು ಏನಾದರೂ ಇದ್ದಾಗ ಮಾತ್ರವೇ ಎಂಬುದನ್ನು. ದಿನವೂ ಬರೆದರೆ ಕೈ ಪಳಗುತ್ತದೆ, ಓದುಗರು ಮರೆಯುವುದಿಲ್ಲ. ಇದು ಸಣ್ಣ ಲಾಭವಲ್ಲ.

ಆದರೆ 1933ರ ನಂತರ ಮೊದಲ ಬಾರಿಗೆ, 2022ರಲ್ಲಿ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ನಾನು ಅವಸರದಲ್ಲಿ ಬರೆದು ಹಾಕಿದ ನಾಲ್ಕು ಸಾಲುಗಳು ಎಲ್ಲರೂ ಬರೆದುದಕ್ಕಿಂತ ಬೇರೆಯಾಗಿರಲಿಲ್ಲ. ತಿಂಗಳ ಬಳಿಕ ಹಿರಿಯೂರಿನ ಕಡೆ ಹೋದೆ. ಕೊಳವೆಬಾವಿ ಬತ್ತಿದ್ದರಿಂದ ಅರ್ಧ ತೋಟ ಕಡಿಸಿದ್ದ ಹಿರಿಯರೊಬ್ಬರು ತೆಂಗಿನ ಮೋಟಿನ ಮೇಲೆ ಕುಳಿತು, "ಈ ನೀರು ನಾಕು ವರ್ಷ ಮೊದ್ಲೇ ಬರಬಾರ್ದಿತ್ತೇನಪ್ಪಾ" ಎಂದರು. ಆ ಮೋಟನ್ನು ಕಣ್ಣೆದುರಿಟ್ಟುಕೊಂಡು ಬರೆದದ್ದು ಮಾತ್ರ ನನ್ನ ಬರಹವೆನಿಸಿತು; ನನ್ನ ಒಲವು ಇದರ ಕಡೆಗೇ.

ಕಾಯುವವರಿಗೂ ಅಪಾಯವಿದೆ: ಕಾಯುವಿಕೆಯೇ ಅಭ್ಯಾಸವಾಗಿ ವರ್ಷ ಉರುಳಿಬಿಡಬಹುದು. ಆದ್ದರಿಂದ ಹೊಸಬರು ದಿನವೂ ಬರೆಯಲಿ, ಆದರೆ ನೋಟ್‌ಬುಕ್ಕಿನಲ್ಲಿ. ವಾರದ ಕೊನೆಗೆ ಓದಿಕೊಂಡಾಗ ತಾವೇ ಕಂಡ, ಕೇಳಿದ ಒಂದಾದರೂ ವಿವರವಿರುವ ಪುಟವನ್ನಷ್ಟೇ ಹೊರಗೆ ಕಳಿಸಲಿ.