ಜ್ವರ ಬಂದ ವಾರ ಯಾವ ಪಠ್ಯಕ್ರಮ ಉಳಿಯಿತು?

ಮಕ್ಕಳನ್ನು ಮನೆಯಲ್ಲೇ ಓದಿಸಲು ಶುರು ಮಾಡಿ ಇದು ನಾಲ್ಕನೇ ವರ್ಷ. ಮಗಳಿಗೆ ಹತ್ತು, ಮಗನಿಗೆ ಏಳು. ಇಷ್ಟರಲ್ಲಿ ಮೂರು ಬಗೆಯ ಪಠ್ಯಕ್ರಮ, ಎರಡು ಬಗೆಯ ಗಣಿತ, ಲೆಕ್ಕವಿಲ್ಲದಷ್ಟು ಟೈಮ್‌ಟೇಬಲ್ ನೋಡಿದ್ದಾಯಿತು. ಮೊದಲೆಲ್ಲ "ಯಾವುದು ಒಳ್ಳೆಯದು" ಎಂದು ಕಂಡಕಂಡವರನ್ನು ಕೇಳುತ್ತಿದ್ದೆ. ಈಗ ಬೇರೆ ಪ್ರಶ್ನೆ ಕೇಳುತ್ತೇನೆ: ಮೂರು ದಿನ ಪಾಠ ತಪ್ಪಿದರೆ ನಾಲ್ಕನೇ ದಿನ ಏನಾಗುತ್ತದೆ? ಇಬ್ಬರು ಮಕ್ಕಳಿರುವ ಮನೆಯಲ್ಲಿ ಪಾಠ ತಪ್ಪೇ ತಪ್ಪುತ್ತದೆ. ಈ ವಾರ ಒಬ್ಬರಿಗೆ ಜ್ವರ ಬಂದರೆ ಮುಂದಿನ ವಾರ ಇನ್ನೊಬ್ಬರಿಗೆ ಖಾತ್ರಿ.

ಮೊದಲು ತಂದದ್ದು ಎಲ್ಲ ವಿಷಯಗಳೂ ಒಟ್ಟಿಗೆ ಬರುವ ಪೂರ್ತಿ ಪ್ಯಾಕೇಜ್. ವರ್ಷಕ್ಕೆ 36 ವಾರ, ವಾರಕ್ಕೆ 5 ದಿನ. ಯಾವ ದಿನ ಯಾವ ಪುಟ ಎಂದು ಅಚ್ಚಾಗಿರುತ್ತಿತ್ತು. ಮೊದಲ ತಿಂಗಳು ಸ್ವರ್ಗ. ಬೆಳಿಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ, ಪುಸ್ತಕ ತೆರೆದರೆ ಆಯಿತು. ಆಮೇಲೆ ಜ್ವರ ಬಂತು. ಒಂಬತ್ತು ದಿನ ಹೋಯಿತು. ಅದನ್ನು ಸರಿದೂಗಿಸಲು ಶನಿವಾರವೂ ಪಾಠ, ದಿನಕ್ಕೆ ಎರಡು ದಿನದ ಪುಟ. ಮಗಳು ಅತ್ತಳು. ಅವಳಿಗೆ ಪಾಠ ಅರ್ಥವಾಗಿದೆಯೇ ಎಂದು ನೋಡುವುದನ್ನೇ ಬಿಟ್ಟು ನಾನು ಬರೀ ಟಿಕ್ ಹಾಕುತ್ತಿದ್ದೆ. (ಉತ್ತರ ಪುಸ್ತಿಕೆಯಲ್ಲಿ ಎರಡು ಲೆಕ್ಕ ತಪ್ಪಿದ್ದವು. ಪ್ರಕಾಶಕರಿಗೆ ಬರೆದೆ. ಇವತ್ತಿಗೂ ಉತ್ತರವಿಲ್ಲ.) ಆದರೂ ಮೊದಲ ವರ್ಷದವರಿಗೆ ಇದು ಬೇಡ ಎನ್ನಲಾರೆ. ಕೈಗೆ ಏನೂ ಹತ್ತದಿದ್ದಾಗ ನನಗೆ ಧೈರ್ಯ ಕೊಟ್ಟದ್ದು ಅದೇ.

ಎರಡನೆಯದು ಷಾರ್ಲೆಟ್ ಮೇಸನ್ ಪದ್ಧತಿ. 1842ರಿಂದ 1923ರವರೆಗೆ ಬದುಕಿದ್ದ ಇಂಗ್ಲೆಂಡಿನ ಶಿಕ್ಷಕಿ ಅವರು. ಪಾಠ ಚಿಕ್ಕದಿರಬೇಕು, ಎಂಟು ವರ್ಷದೊಳಗಿನ ಮಗುವಿಗೆ ಇಪ್ಪತ್ತು ನಿಮಿಷ ಮೀರುವುದು ಅಪರೂಪವಾಗಿರಬೇಕು ಎಂದವರು. ಒಳ್ಳೆಯ ಪುಸ್ತಕದಿಂದ ಒಂದೇ ಸಲ ಓದಿ ಹೇಳುವುದು, ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ಮರಳಿ ಹೇಳುವುದು. ಪಾಠ ಮುಗಿದ ಮೇಲೆ ಪ್ರಶ್ನೋತ್ತರವೂ ಇಲ್ಲ, ಖಾಲಿ ಜಾಗ ತುಂಬಿಸುವುದೂ ಇಲ್ಲ. ಮಗನಿಗೆ ಆಗ ಐದು ವರ್ಷ. ಅವನಿಂದಲೂ ಹೇಳಿಸಲು ಹೋಗಿ ಪೆಟ್ಟು ತಿಂದೆ. ಆರು ತುಂಬುವವರೆಗೆ ಮಗು ತಾನಾಗಿ ಹೇಳಿದರೆ ಕೇಳಿ, ಒತ್ತಾಯ ಬೇಡ ಎಂದು ಮೇಸನ್ ಅವರೇ ಬರೆದಿದ್ದಾರೆ. ಅದನ್ನು ನಾನು ಓದಿದ್ದು ಆಮೇಲೆ! ಮಗಳಿಗೆ ಮಾತ್ರ ಇದು ಹಿಡಿಸಿತು. ಜ್ವರದ ವಾರದಲ್ಲೂ ಅವಳ ಪಕ್ಕ ಕೂತು ಒಂದು ಅಧ್ಯಾಯ ಓದಬಹುದಿತ್ತು. ತಪ್ಪಿದರೆ ನಾಳೆ ಅದೇ ಪುಟದಿಂದ. ತೊಂದರೆ ಎಂದರೆ ಓದುವುದೆಲ್ಲ ನಾನೇ. ಗಂಟಲು ಕೆಟ್ಟ ದಿನ ಶಾಲೆಗೆ ರಜೆ.

ಆ ರಜೆ ತಪ್ಪಿಸಲೆಂದೇ ಮೂರನೆಯದಾಗಿ ಆನ್‌ಲೈನ್ ವಿಡಿಯೋ ಪಾಠ ತಂದೆ. ನನ್ನ ಜ್ವರದ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು, ತಿದ್ದುವ ಕೆಲಸವೂ ಅದರದ್ದೇ. ಆದರೂ ಬಿಟ್ಟೆವು. ಮಗ ವಿಡಿಯೋವನ್ನು ಕೊನೆಗೆ ಓಡಿಸಿ, ನಾಲ್ಕು ಉತ್ತರಗಳಲ್ಲಿ ಒಂದೊಂದನ್ನೇ ಒತ್ತಿ ನೋಡುವುದನ್ನು ಕಲಿತಿದ್ದ. ಪರದೆಯ ಮೇಲೆ ಹಸಿರು ಗುರುತುಗಳ ಸಾಲು. ಕಾಗದ ಕೊಟ್ಟು ಕಳೆಯುವ ಲೆಕ್ಕ ಮಾಡು ಎಂದರೆ ದಶಕದಿಂದ ಕಡ ತರುವುದೇ ಗೊತ್ತಿಲ್ಲ. ತಿದ್ದುವ ಕೆಲಸವನ್ನು ಬೇರೆಯವರಿಗೆ ಕೊಟ್ಟಿದ್ದರಿಂದ ನನಗೆ ಅದು ತಿಳಿಯಲೇ ಇಲ್ಲ.

ಪಠ್ಯಕ್ರಮವೇ ಬೇಡ, ಮಗುವಿನ ಆಸಕ್ತಿಯ ಹಿಂದೆ ಹೋಗಿ ಎನ್ನುವ ದಾರಿಯೂ ಇದೆ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1970ರ ದಶಕದಲ್ಲಿ ಅದಕ್ಕೆ 'ಅನ್‌ಸ್ಕೂಲಿಂಗ್' ಎಂಬ ಹೆಸರು ಕೊಟ್ಟರು. ಆರು ವಾರ ನಡೆಸಿದೆವು. ಮಕ್ಕಳು ಆರಾಮಾಗಿದ್ದರು. ನನಗೇ ನಿದ್ದೆ ಬರಲಿಲ್ಲ.

ಗಣಿತದ ಕತೆ ಬೇರೆಯೇ. ಇಲ್ಲಿ ಎರಡು ಬಣಗಳಿವೆ. ಒಂದು, ಒಂದೇ ವಿಷಯವನ್ನು ಕರಗತ ಆಗುವವರೆಗೆ ವಾರಗಟ್ಟಲೆ ಮಾಡುವುದು. ಇನ್ನೊಂದು, ದಿನಕ್ಕೆ ಒಂದು ಚೂರು ಹೊಸದು, ಉಳಿದದ್ದೆಲ್ಲ ಹಳೆಯದರ ಪುನರಾವರ್ತನೆ. ಮಗಳಿಗೆ ಮೊದಲನೆಯದನ್ನು ಕೊಟ್ಟೆ. ಭಿನ್ನರಾಶಿಯನ್ನು ಐದು ವಾರ ಮಾಡಿದಳು. ಮೊದಲು ಕಾಗದ ಮಡಿಸಿ, ಆಮೇಲೆ ಚಿತ್ರ ಬರೆದು, ಕೊನೆಗೆ ಅಂಕೆಯಲ್ಲಿ. ಚೆನ್ನಾಗಿ ಅರ್ಥವಾಯಿತು. ಆದರೆ ಅಷ್ಟರಲ್ಲಿ ದೊಡ್ಡ ಭಾಗಾಕಾರ ಮರೆತೇಹೋಗಿತ್ತು. ಮುಟ್ಟದೆ ಬಿಟ್ಟದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ನನಗೆ ಅದು ಮಗಳಿಂದ ಗೊತ್ತಾಯಿತು.

ಮಗನಿಗೆ ಎರಡನೆಯದು. ಅವನು ಏನೂ ಮರೆಯಲಿಲ್ಲ, ನಿಜ. ಆದರೆ ಬೇಸರ ಜಾಸ್ತಿ. "ಇದನ್ನ ನಿನ್ನೆನೇ ಮಾಡಿದ್ದೆ ಅಲ್ವಾ ಅಮ್ಮ?" ಅವನು ಹೇಳಿದ್ದು ಸರಿ, ನಿನ್ನೆಯೂ ಮಾಡಿದ್ದ, ಮೊನ್ನೆಯೂ ಮಾಡಿದ್ದ. ಈಗ ಇಬ್ಬರಿಗೂ ಮೊದಲನೆಯ ಬಗೆಯದೇ ಪುಸ್ತಕ. ಜೊತೆಗೆ ಒಂದು ಚೀಟಿಯಲ್ಲಿ ಹಳೆಯ ಪಾಠಗಳ ಆರು ಲೆಕ್ಕ ಬರೆದಿಡುತ್ತೇನೆ. ನನಗೆ ಐದು ನಿಮಿಷದ ಕೆಲಸ. ಪುಸ್ತಕ ಬದಲಿಸುವವರಿಗೆ ಒಂದು ಮಾತು: ವರ್ಷದ ನಡುವೆ ಬದಲಿಸಬೇಡಿ. ಪಾಠಗಳ ಕ್ರಮ ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ. ನಾನು ಬದಲಿಸಿ ಮಗಳ ದಶಮಾಂಶವನ್ನು ಎರಡು ಪುಸ್ತಕಗಳ ಸಂದಿಯಲ್ಲಿ ಕಳೆದೆ. ವಯಸ್ಸು ನೋಡಿ ಪುಸ್ತಕ ಕೊಳ್ಳಲೂ ಬೇಡಿ. ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯಲು ಕಿರುಪರೀಕ್ಷೆ ಕೊಡುತ್ತಾರಲ್ಲ, ಅದನ್ನು ಮೊದಲು ಮಾಡಿಸಿ.

ಟೈಮ್‌ಟೇಬಲ್ ವಿಷಯದಲ್ಲಿ ಒಂಬತ್ತಕ್ಕೆ ಇದು, ಒಂಬತ್ತೂವರೆಗೆ ಅದು ಎಂದು ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆಲ್ಲ ಸುಮ್ನೆ ಕಾಗದ ಹಾಳು. ಗಣಿತ ಮತ್ತು ಓದು ದಿನಾ, ಇಬ್ಬರಿಗೂ ಬೇರೆ ಬೇರೆ. ಉಳಿದದ್ದಕ್ಕೆ ಸುತ್ತುಪಟ್ಟಿ: ಇತಿಹಾಸ, ವಿಜ್ಞಾನ, ಚಿತ್ರಕಲೆ, ಭೂಗೋಳ ಎಂದು ಕ್ರಮವಾಗಿ ಬರೆದುಕೊಂಡು, ಇವತ್ತು ಎಲ್ಲಿ ನಿಂತಿತೋ ನಾಳೆ ಅದರ ಮುಂದಿನದು. ಅವನ್ನು ಇಬ್ಬರಿಗೂ ಒಟ್ಟಿಗೇ ಓದಿ ಹೇಳುತ್ತೇನೆ. ವಾರದ ಹೆಸರು ಅದರಲ್ಲಿ ಇಲ್ಲದ ಕಾರಣ ಸೋಮವಾರದ ವಿಜ್ಞಾನ ತಪ್ಪಿಹೋಯಿತು ಎನ್ನುವ ಮಾತೇ ಬರುವುದಿಲ್ಲ.

ಬರವಣಿಗೆಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಮಗಳು ಹತ್ತು ನಿಮಿಷ ನಿಲ್ಲದೆ ಹೇಳುವುದನ್ನು ಬರೆ ಎಂದರೆ ಎರಡು ಸಾಲಿಗೆ ನಿಲ್ಲಿಸುತ್ತಾಳೆ. ಸದ್ಯಕ್ಕೆ ಅವಳು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ, ಅವಳು ಅದನ್ನು ನೋಡಿ ಬರೆಯುತ್ತಾಳೆ. ಶುರು ಮಾಡಿ ಮೂರು ವಾರ ಆಯಿತು. ಕಳೆದ ಶುಕ್ರವಾರ ಐದು ಸಾಲು.